ಹೆಬ್ಬೆರಳೇ ಬೀಗ

ನೂರ ಹದಿನಾಲ್ಕು ಚಾಕು,
ಒಂದು ಸೌತೆಕಾಯಿಯನ್ನೂ ಹೆಚ್ಚಿದ್ದಿಲ್ಲ,
ಅನ್ನುತ್ತಾಳೆ ಮಿತ್ಸುಯೊ. ನಿಜ.
ಭಾನುವಾರ ಬೆಳಿಗ್ಗೆ ಹಳೆ ಪತ್ರಿಕೆ ಹಾಸಿ
ಒಂದೊಂದನ್ನೇ ಬಿಚ್ಚುತ್ತೇನೆ,
ಕ್ಯಾಮೆಲಿಯಾ ಎಣ್ಣೆಯ ಒಂದು ತೊಟ್ಟು, ಹತ್ತಿಬಟ್ಟೆ,
ಮತ್ತೆ ಮಡಚುತ್ತೇನೆ.
ಮೊಮ್ಮಗುವಿನ ಕಿವಿ ಒರೆಸಿದ ಹಾಗೆ, ಎಂದು ಅವಳ ಅಣಕ.

ಹಿಗೊನೊಕಾಮಿ ಅಂದರೆ ದೊಡ್ಡ ಸಂಗತಿಯಲ್ಲ.
ಮಡಿಸಿದ ಹಿತ್ತಾಳೆ ತಗಡು, ಒಂದು ಮೊಳೆ, ಒಂದು ಅಲಗು,
ಅಲಗಿನ ಬುಡಕ್ಕೆ
ಹುಂಜದ ಕಾಲಮುಳ್ಳಿನಂಥ ಚೋಟು ಬಾಲ.
ಸ್ಪ್ರಿಂಗಿಲ್ಲ. ಬೀಗವಿಲ್ಲ.
ಬಾಲದ ಮೇಲೆ ಒತ್ತಿ ಹಿಡಿದ ಹೆಬ್ಬೆರಳೇ ಬೀಗ;
ಮೈಮರೆತೆಯೋ, ನಿನ್ನ ಬೆರಳಿಗೇ ಮಡಚಿಕೊಳ್ಳುತ್ತದೆ.
ಮೊಳೆ ಸಡಿಲಾದರೆ ಸುತ್ತಿಗೆಯ ಒಂದೇ ಏಟು, ಎರಡನೆಯದು ಹೆಚ್ಚು.
ಇಷ್ಟು ಕಲಿಯಲು ಮೂರು ಚಾಕು ಕೆಡಿಸಿದೆ.

ನಮ್ಮ ಮಿಕಿ ಊರಲ್ಲಿ ಆಗ
ಹುಡುಗನ ಜೇಬೆಂದರೆ ಇದರ ಭಾರ.
ಪೆನ್ಸಿಲ್ ಚೂಪು ಮಾಡಲು, ಬಿದಿರು ಸೀಳಿ
ಏರೋಪ್ಲೇನ್ ಚಿಟ್ಟೆ ಕೆತ್ತಲು,
ಬೇಲಿಯಾಚೆ ಬಾಗಿದ ಯಾರದೋ ಹಣ್ಣು ಸುಲಿಯಲು.
ಆಮೇಲೆ ದೂರದ ಪಟ್ಟಣದಲ್ಲಿ ಯಾರೋ ಯಾರನ್ನೋ ಇರಿದರು.
ಒಂದು ಸೋಮವಾರ ಹಯಾಶಿದಾ ಮೇಷ್ಟ್ರು
ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು.
ಸಾಲಾಗಿ ಹೋದೆವು. ಟಣ್. ಟಣ್. ಟಣ್.
ಮರುದಿನ ಕಿಟಕಿಯ ಪಕ್ಕ
ಹಿಡಿ ತಿರುಗಿಸುವ ಯಂತ್ರವೊಂದು ಕೂತಿತ್ತು,
ಪೆನ್ಸಿಲ್ಲುಗಳನ್ನು ಅರ್ಧರ್ಧ ನುಂಗುತ್ತ.

ಹೋದ ನವೆಂಬರ್, ಹಿಮೇಜಿಯ ಹಳೆ ಸಾಮಾನಿನ ಸಂತೆ.
ಅದೇ ಡಬ್ಬಿ.
ತೀರಿಕೊಂಡ ಮೇಷ್ಟ್ರೊಬ್ಬರ ಅಟ್ಟದ್ದು ಅಂದ ಓನಿತ್ಸುಕಾ,
ಚೀಟಿ ಬೇಡವೆಂದರೆ ಕಿತ್ತುಕೊಡುತ್ತೇನೆ.
ಒಂದೊಂದು ಚಾಕುವಿಗೂ ದಾರ, ದಾರಕ್ಕೊಂದು ಚೀಟಿ,
ಚೀಟಿಯಲ್ಲಿ ಮೇಷ್ಟ್ರ ದುಂಡು ಅಕ್ಷರ.
ಹಿಂದಿರುಗಿಸಲೆಂದೇ ಬರೆದಿಟ್ಟಿದ್ದರೇನೋ;
ಕೇಳಲು ಯಾರೂ ಹೋಗಲಿಲ್ಲ.

ನಾಲ್ಕನೆಯ ತರಗತಿ, ಸುಗಿತಾನಿ ಐಸಾಕು.
ನನ್ನ ಹೆಸರು.
ಚಾಕು ನನ್ನದಲ್ಲ.
ಹಿಡಿಯ ಮೇಲಿನ ಮೂರು ಗೀರು ಕಿಶಿಯೊ ಹಾಕಿದ್ದು.
ಹಿಂದಿನ ಸಂಜೆ ಎರವಲು ತಂದಿದ್ದೆ; ಅವನಿಗಂದು ಜ್ವರ.
ನನ್ನ ಸ್ವಂತದ್ದು
ಕಾಲುಚೀಲದೊಳಗೆ, ಹರಡಿಗೆ ತಣ್ಣಗೆ ಅಂಟಿಕೊಂಡಿತ್ತು.

ಹೊಳೆಗೆ ಬಿತ್ತು ಕಣೋ, ಅಂದಿದ್ದೆ.
ಜ್ವರ ಬಿಟ್ಟವನು ಮೊಣಕಾಲುದ್ದ ನೀರಿಗಿಳಿದು
ಎರಡು ಸಂಜೆ ಹುಡುಕಿದ.
ಜೊತೆಗೆ ನಾನೂ ಹುಡುಕಿದೆ.

ನಿವೃತ್ತನಾದವನಿಗೊಂದು ಹವ್ಯಾಸ, ಎಂದೇ
ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.
ಅಂದು ಒಂದನ್ನೇ ಕೊಂಡೆ, ಉಳಿದ ನಲವತ್ತನ್ನು ಬಿಟ್ಟು ಬಂದೆ.
ಸಂಗ್ರಹಕಾರ ಅನ್ನಿಸಿಕೊಂಡವನು ಹಾಗೆ ಮಾಡಬಾರದು.

ಕಿಶಿಯೊ ಈಗ ಒನೊದಲ್ಲಿದ್ದಾನೆ, ಮಗಳ ಮನೆ ಹಿಂದಿನ ಕೋಣೆಯಲ್ಲಿ.
ಸೂರಿನಡಿ ಒಣಹಾಕಲು ಪರ್ಸಿಮನ್ ಸುಲಿಯುತ್ತಿದ್ದ.
ಮಾತಾಡದೆ ಮುಂದಿಟ್ಟೆ.
ಚೀಟಿ ಓದಲು ಅವನಿಗೆ ಕಣ್ಣು ಸಾಲದು.
ಬಿಚ್ಚಿದ. ಹೆಬ್ಬೆರಳು ತಾನೇ ಹೋಗಿ ಬಾಲದ ಮೇಲೆ ಕೂತಿತು,
ಹೋಗುವ ದಾರಿಯಲ್ಲಿ
ಮೂರು ಗೀರುಗಳ ಮೇಲೆ ತುಸು ನಿಂತು.
ಒಂದು ಹಣ್ಣು ತೆಗೆದುಕೊಂಡ, ಸಿಪ್ಪೆ ಎಲ್ಲೂ ತುಂಡಾಗದೆ
ಸುರುಳಿಯಾಗಿ ತೊಡೆಯ ಮೇಲಿಳಿಯಿತು.
‘ಒಳ್ಳೇ ಚಾಕು,’ ಅಂದ. ‘ನನ್ನದಲ್ಲ.
ನನ್ನದು ಹೊಳೆಯಲ್ಲಿದೆ.
ನೀನೇ ಅಲ್ಲವೇ ಹೇಳಿದ್ದು?’
ಮಡಚಿ, ಒರೆಸಿ, ನನ್ನ ಕಡೆ ಸರಿಸಿದ.
ಹಣ್ಣು ಒಗರಾಗಿತ್ತು. ಒಣಗುವ ಮುನ್ನ ತಿನ್ನುವಂಥದ್ದಲ್ಲ ಅದು.
ಇಬ್ಬರೂ ನೋಡುತ್ತ ಕೂತೆವು.

ಎಣಿಕೆ ಇನ್ನೂ ನೂರ ಹದಿನಾಲ್ಕೇ.
ಈ ಒಂದು ಅಡಿಗೆಮನೆಯಲ್ಲಿದೆ, ದಾರದ ಸಮೇತ.
ನಿನ್ನೆ ಮಿತ್ಸುಯೊ ಸೌತೆಕಾಯಿ ಹೆಚ್ಚುತ್ತ ಕೇಳಿದಳು:
ಚೀಟಿಯಲ್ಲಿ ಯಾರ ಹೆಸರು?
ನನ್ನದು, ಅಂದೆ.
ಅಂದರೆ ಚಾಕು ನಿನ್ನದೇ?
ಹೆಬ್ಬೆರಳು ಸಡಿಲ ಬಿಡಬೇಡ, ಅಂದೆ.